ಮಾವನ ಕಿವಿ, ಉಂಬ್ಳೆಬೈಲಿನ ಜೀರುಂಡೆ

ಕಿವಿ ಹೋಯಿತೆಂದು ಪೇಡಾ ಹಂಚಿದ ಮನುಷ್ಯ ಈ ಲೋಕದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ!

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಸದ್ದಿನ ನಡುವೆಯೇ ನೌಕರಿ ಮುಗಿಸಿದವರು. ಊರವರೆಲ್ಲ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಂಡರೆ ಇವರು ಜೀರುಂಡೆ ಕೇಳಿ ಕ್ಯಾಲೆಂಡರ್ ಸರಿ ಮಾಡುತ್ತಿದ್ದರು. ಜೀರುಂಡೆ ಕೂಗಿದರೆ ಮಳೆಗಾಲ ಬಂತೆಂದು ಅವರ ಲೆಕ್ಕ. ಬೇಸಿಗೆಯ ಕೊನೆಗೆ ಮಾವ ಉಂಬ್ಳೆಬೈಲಿನ ಕಾಡಿಗೆ ಹೋಗಿ, ಅದು ಕೂಗಿದ್ದನ್ನು ಕೇಳಿಸಿಕೊಂಡು ಬಂದ ಮೇಲೇ ಅತ್ತೆ ಬಿಸಿಲಿಗೆ ಹಾಕಿದ ಹಪ್ಪಳ ಒಳಗೆ ತರಬೇಕು. ಒಂದು ವರ್ಷ ಧಾರಾಕಾರ ಮಳೆ ಸುರಿದು ಹಪ್ಪಳವೆಲ್ಲ ಮುದ್ದೆಯಾಯಿತು. "ಜೀರುಂಡೆ ಕೂಗಿಲ್ಲ ಕಣೇ, ಇದು ಮಳೆನೇ ಅಲ್ಲ" ಎಂದರು ತೊಯ್ದು ನಿಂತ ಮಾವ. ಅತ್ತೆ ಕೊಟ್ಟ ಉತ್ತರವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಮರುವರ್ಷವೂ ಮಾವನಿಗೆ ಕೂಗು ಕೇಳಲಿಲ್ಲ. ಅಷ್ಟರಲ್ಲಿ ಆ ಕಾಡಿನ ಹಳೆಯ ಮರಗಳನ್ನು ಕಡಿದು ಸಾಲಾಗಿ ಅಕೇಶಿಯಾ ನೆಟ್ಟಿದ್ದರು. ಹಸಿರಿದ್ದರೆ ಕಾಡು ತಾನೆ? ಆ ಲೆಕ್ಕಕ್ಕೆ ನಮ್ಮನೆ ಬಾಗಿಲಿನ ಪೇಂಟೂ ಕಾಡೇ! ಮಾವ ಬಸ್ಸಿನಲ್ಲಿ ಸಿಕ್ಕ ಫಾರೆಸ್ಟ್ ಗಾರ್ಡನ್ನು ಹಿಡಿದುಕೊಂಡರು.

"ಜೀರುಂಡೆ ಮರಿಗಳು ವರ್ಷಗಟ್ಲೆ ಮಣ್ಣೊಳಗೆ ಬೇರಿನ ರಸ ಕುಡ್ಕೊಂಡಿರ್ತವೆ. ಬೇರೇ ಕಿತ್ರೆ ಎಲ್ಲಿಗೆ ಹೋಗ್ತವೆ? ಹುಳ ಇಲ್ದಿದ್ರೆ ಹಕ್ಕಿ ಏನು ತಿನ್ನುತ್ತೆ?"

"ಹುಳ ಹೋದ್ರೆ ಒಳ್ಳೇದೇ ಅಲ್ವಾ ಯಜಮಾನ್ರೇ?" ಎಂದ ಆ ಪುಣ್ಯಾತ್ಮ.

ಅತ್ತೆಯ ಅನುಮಾನವೇ ಬೇರೆ. "ಹೋಗಿರೋದು ಜೀರುಂಡೆ ಅಲ್ಲ ಮಾರಾಯ, ಇವ್ರ ಕಿವಿ. ಬೇಳೆ ತನ್ನಿ ಅಂದ್ರೆ ಬಾಳೆಹಣ್ಣು ತರ್ತಾರೆ" ಎಂದರು ನನ್ನೆದುರು. ಸರಿ, ಮಾವನನ್ನು ಶಿವಮೊಗ್ಗಕ್ಕೆ, ಸವಳಂಗ ರಸ್ತೆಯ ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆ.

ಪರೀಕ್ಷೆ ಮುಗಿಸಿದ ಡಾಕ್ಟರು ಗಟ್ಟಿಯಾಗಿ ಹೇಳಿದರು: "ಫ್ಯಾಕ್ಟ್ರಿ ಸದ್ದಿಗೆ ಕಿವಿ ಹಾಳಾಗಿದೆ. ಕೀಚಲು ಸದ್ದು ಇನ್ಮೇಲೆ ಕೇಳ್ಸಲ್ಲ."

"ಜೀರುಂಡೇದು?"

"ಅದೂ ಅಷ್ಟೇ."

"ಹಂಗಾದ್ರೆ ಅವು ಕೂಗ್ತಾನೇ ಇರಬಹುದು!" ಮಾವ ಡಾಕ್ಟರ ಕೈ ಹಿಡಿದು ಕುಲುಕಿದರು. ಬಸ್‌ಸ್ಟ್ಯಾಂಡಿನಲ್ಲಿ ಪೇಡಾ ಕೊಂಡು, "ನಂಗೆ ಕಿವಿ ಕೇಳ್ಸಲ್ವಂತೆ, ತಗೊಳ್ಳಿ" ಎಂದು ಕಂಡಕ್ಟರಿಗೂ ಕೊಟ್ಟರು.

ಮಾರನೆಯ ದಿನ ನನ್ನ ಕಿವಿಯನ್ನು ಸಾಲ ಪಡೆದು ಉಂಬ್ಳೆಬೈಲಿಗೆ ಹೊರಟರು. ಅಕೇಶಿಯಾ ಸಾಲುಗಳ ನಡುವೆ ನಿಂತೆವು. ನೆಲದ ಮೇಲೆ ಕೊಳೆಯದ ಒಣ ಎಲೆ ದಪ್ಪಗೆ ಬಿದ್ದಿತ್ತು. ಎಷ್ಟು ಹೊತ್ತು ಕಿವಿಗೊಟ್ಟರೂ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. "ಕೂಗ್ತಿದಾವೇನೋ?"

"ಹ್ಞೂಂ ಮಾವ, ಜೋರಾಗಿ ಕೂಗ್ತಿದಾವೆ" ಎಂದು ಅವರಿಗೆ ಕೇಳುವಂತೆ ಕಿರುಚಿದೆ.

ಮಾವ ಗಾಬರಿಯಿಂದ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. "ಮೆಲ್ಲಗೆ ಮಾತಾಡೋ. ಹೆದರಿ ಸುಮ್ಮನಾಗಿಬಿಡ್ತವೆ."