ಹನ್ನೆರಡನೆಯ ದೇಗುಲ

ಗೆರ್ನೋಟ್ ಮೂರನೆಯ ಸಲ ಎಣಿಸಿದ. ಮೂರನೆಯ ಸಲವೂ ಐವತ್ತೊಂಬತ್ತೇ! ಬ್ಯಾಬಿಲೋನಿನ ಕಾಲದ ಪಟ್ಟಣ ಕಟ್ಟುವ ಆ ಆಟಕ್ಕೆ ಅರವತ್ತು ಮರದ ಬಿಲ್ಲೆ. ಕೆಂಪು ಬಣ್ಣದ ದೇಗುಲ ಹನ್ನೆರಡಿರಬೇಕು, ಹನ್ನೊಂದೇ ಇದ್ದವು.

ಮಧ್ಯಾಹ್ನ ಮೂರಕ್ಕೆ ಆಟದ ಸಂಘದ ವಾರ್ಷಿಕ ಪಂದ್ಯ. ಆಟಕ್ಕೆ ಮುಂಚೆ ಎಲ್ಲರೆದುರು ಬಿಲ್ಲೆ ಎಣಿಸಲೇಬೇಕು. ಒಂದು ಕಡಿಮೆಯಾದರೂ ಆಟ ಇಡುವ ಬೀರುವಿನ ಕೀಲಿಕೈ ಇಟ್ಟುಕೊಂಡವನು ಅಲ್ಲೇ ಕೀಲಿಕೈ ಒಪ್ಪಿಸಬೇಕು. ನಿಯಮವನ್ನು ಚೌಕಟ್ಟು ಹಾಕಿಸಿ ಸಭಾಂಗಣದ ಗೋಡೆಗೆ ತೂಗುಹಾಕಿದ್ದಾರೆ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಗೆರ್ನೋಟನಿಗೆ ಊರಲ್ಲಿ ಉಳಿದಿದ್ದ ಏಕೈಕ ಪದವಿ ಆ ಕೀಲಿಕೈ. ಹನ್ನೊಂದು ವರ್ಷದಿಂದ ಅದು ಅವನ ಸೊಂಟದಲ್ಲೇ ಇತ್ತು.

ಯಾರು ಕದ್ದಿರಬಹುದು? ಸಂಘದ ಎಕಾರ್ಟನೇ! ಚೀಲದಿಂದ ಬಿಲ್ಲೆ ತೆಗೆಯುವಾಗ ಅವನ ಕೈ ಒಳಗೇ ಸಂಸಾರ ಹೂಡುತ್ತದೆ. ಅಥವಾ ಅಧ್ಯಕ್ಷೆ ಫ್ರೌ ಬ್ರಿಂಕ್‌ಮನ್? ಆಕೆಯ ಅಗಲ ತೋಳಿನ ಅಂಗಿಯೊಳಗೆ ಇಡೀ ಬ್ಯಾಬಿಲೋನೇ ಹಿಡಿಸೀತು. ಆದರೆ ಸಾಕ್ಷಿ ಬೇಕಲ್ಲ! ಗೆರ್ನೋಟ್ ಹಲ್ಲು ಕಡಿಯುತ್ತಾ ಗರಗಸ ಹಿಡಿದ. ಹಳೆಯ ಹಲಗೆಯಿಂದ ಬಿಲ್ಲೆ ಕೊಯ್ದು, ಕೆಂಪು ಬಳಿದು, ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿ, ಚೀಲಕ್ಕೆ ಸೇರಿಸಿದ. ಬೆರಳಿನ ಬಣ್ಣ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಕೈಗವಸು ಹಾಕಿಕೊಂಡ.

ಚರ್ಚಿನ ಸಭಾಂಗಣದಲ್ಲಿ ಪ್ಲಮ್ ಕೇಕಿನ ಘಮ. ಎಕಾರ್ಟ್ ಮೇಜನ್ನು ಅಲುಗಾಡಿಸಿ ನೋಡಿದ.

"ಏನಪ್ಪಾ ಇದು, ಮೇಜು ಕುಂಟ್ತಾನೇ ಇಲ್ಲ!"

"ಹೋದ ವಾರ ನಾನೇ ಸರಿಮಾಡಿದ್ದು," ಎಂದ ಗೆರ್ನೋಟ್, ಬಿಗುಮಾನದಿಂದ.

"ಅದ್ಸರಿ, ಜೂನ್ ತಿಂಗಳ ಸೆಕೇಲಿ ಕೈಗವಸು ಯಾಕೆ?"

"ಕಜ್ಜಿ. ನಿನ್ನ ಹೆಬ್ಬೆರಳಿಗೆ ಪಟ್ಟಿ ಯಾಕೆ?"

"ಈರುಳ್ಳಿ ಹೆಚ್ಚೋವಾಗ ಕುಯ್ಕೊಂಡೆ. ಎಲ್ಲಿ, ಚೀಲ ಕೊಡು, ಚೆನ್ನಾಗಿ ಕಲಕಿಡ್ತೀನಿ."

ಕಲಕಿದ್ದೇ ಕಲಕಿದ್ದು. ಆಮೇಲೆ ಫ್ರೌ ಬ್ರಿಂಕ್‌ಮನ್, "ಹೊಲಿಗೆ ಬಿಟ್ಟಿದೆಯೇನೋ ನೋಡ್ತೀನಿ," ಎಂದು ಮೊಣಕೈವರೆಗೂ ಕೈ ತೂರಿಸಿದರು. ಕಳ್ಳರು, ಇನ್ನೊಂದನ್ನೂ ಎಗರಿಸುತ್ತಿದ್ದಾರೆ ಎಂದುಕೊಂಡ ಗೆರ್ನೋಟ್.

ಬಿಲ್ಲೆಗಳನ್ನು ಸುರಿದು ಎಣಿಸಿದರು. ಅರವತ್ತೆರಡು! ದೇಗುಲ ಹದಿನಾಲ್ಕು!

"ಯಾರೋ ಮನೆಯಿಂದ ಬಿಲ್ಲೆ ತಂದು ಮೋಸ ಮಾಡ್ತಿದೀರಿ," ಎಂದರು ಫ್ರೌ ಬ್ರಿಂಕ್‌ಮನ್. "ತಂದವರ ಕೈಯಲ್ಲಿ ಬಣ್ಣ ಇರ್ಲೇಬೇಕು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗೆರ್ನೋಟ್ ಕೈಗವಸು ಎಳೆದುಕೊಂಡ, ಎಕಾರ್ಟ್ ಹೆಬ್ಬೆರಳು ಮುಚ್ಚಿದ. ಗದರಿಸಿದ ಫ್ರೌ ಬ್ರಿಂಕ್‌ಮನ್ನರ ಕೈಯೇ ಅಂಗಿಯ ತೋಳಿನೊಳಗೆ ಸರಿಯಿತು.

"ನಿಮ್ಮ ಕೈ ತೋರ್ಸಿ ಮೊದ್ಲು!" ಎಂದ ಎಕಾರ್ಟ್.

ತೋರಿಸಿದರು. ಮೂವರದೂ ಕೆಂಪು.

"ಹೋದ ಶನಿವಾರ ಎತ್ತಿಡೋವಾಗ್ಲೇ ಒಂದು ದೇಗುಲ ಕಮ್ಮಿ ಇತ್ತು ಕಣಯ್ಯಾ," ಎಂದ ಎಕಾರ್ಟ್. "ಚೀಲದಲ್ಲಿ ಕೈ ಇಡ್ತೀನಿ ಅಂತ ಆಡ್ಕೊಳ್ತೀರಲ್ಲ, ನನ್ನ ತಲೆಗೇ ಕಟ್ತೀರಿ ಅಂತ ಒಂದು ಮಾಡ್ಕೊಂಡು ಬಂದೆ."

"ನನ್ನ ಅಂಗಿ ತೋಳಿನ ಮೇಲೆ ನಿಮಗಿರೋ ಅನುಮಾನ ನನಗೆ ಗೊತ್ತಿಲ್ವಾ? ಅದಕ್ಕೇ ನಾನೂ ಒಂದು ಮಾಡ್ಕೊಂಡು ಬಂದೆ," ಎಂದರು ಫ್ರೌ ಬ್ರಿಂಕ್‌ಮನ್.

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೋಗ್ಲಿ ಬಿಡಿ ಗೆರ್ನೋಟ್, ಎಲ್ರೂ ತಪ್ಪು ಮಾಡಿದೀವಿ. ಕೀಲಿಕೈ ನಿಮ್ಮ ಹತ್ರಾನೇ ಇರ್ಲಿ," ಎಂದರು ಅಧ್ಯಕ್ಷೆ. ಗೆರ್ನೋಟನಿಗೆ ಹೋದ ಜೀವ ಬಂದಂತಾಯಿತು.

ನಗುತ್ತಾ ಎಕಾರ್ಟ್ ಮೇಜು ಗುದ್ದಿದ. "ನೋಡಿ, ಅಲ್ಲಾಡೋದೇ ಇಲ್ಲ! ಅದೇನು ಇಟ್ಟಿದೀಯೋ ಮಾರಾಯ?"

"ಎಂಥದೋ ಮರದ ಚೂರು. ಅಲ್ಲೇ ನೆಲದ ಮೇಲೆ ಬಿದ್ದಿತ್ತು..." ಎನ್ನುತ್ತಾ ಗೆರ್ನೋಟ್ ಮೇಜಿನ ಕಾಲಿನ ಕಡೆ ನೋಡಿದ.

ಎಕಾರ್ಟ್ ಬಗ್ಗಿ, ಕಾಲಡಿಯ ಚೂರನ್ನು ಎಳೆದು, ಮಗುಚಿದ. ಕೆಂಪು ದೇಗುಲ.

ಯಾರೂ ನಗಲಿಲ್ಲ. ಫ್ರೌ ಬ್ರಿಂಕ್‌ಮನ್ ಗೋಡೆಯ ಚೌಕಟ್ಟು ನೋಡಿದರು, ಆಮೇಲೆ ಸುಮ್ಮನೆ ಕೈ ಚಾಚಿದರು. ಗೆರ್ನೋಟ್ ಸೊಂಟದಿಂದ ಕೀಲಿಕೈ ಬಿಚ್ಚಿ ಕೊಟ್ಟ.

ಮೇಜು ಮತ್ತೆ ಕುಂಟತೊಡಗಿತ್ತು. ಎಕಾರ್ಟ್ ರಾಶಿಯಿಂದ ಗೆರ್ನೋಟ್ ಮಾಡಿದ ಬಿಲ್ಲೆಯನ್ನು ಆರಿಸಿ ಕಾಲಡಿ ತುರುಕಿ, ಅಲುಗಾಡಿಸಿ ನೋಡಿದ.

"ಇದು ಇನ್ನೂ ಚೆನ್ನಾಗಿ ಕೂತ್ಕೊಳ್ತು ಕಣೋ," ಎಂದ.