ಬಂದೂಕಿನ ಮೇಲಿನ ಹೆಸರು

ಹದಿನೆಂಟು ಕೈಗಳಲ್ಲಿ ಆಯುಧ ಹಿಡಿದಿದ್ದರೂ ಒಂದಕ್ಕೂ ಪರವಾನಗಿ ತೋರಿಸಬೇಕಿಲ್ಲದ ಮಹಿಷಮರ್ದಿನಿಗೆ ನಮಿಸಿ ಈ ಕತೆಗೆ ತೊಡಗುತ್ತೇನೆ.

ಡಾರ್ಮ್‌ಸ್ಟಾಟಿನ ಬಸವಪ್ರಸಾದರು ಕನ್ನಡದ ದಾಖಲೆಗಳನ್ನು ಜರ್ಮನ್‌ಗೆ ತರುವ ಅನುವಾದಕರು. ಇದ್ದುದನ್ನು ಇದ್ದಂತೆಯೇ ಬರೆಯುವೆನೆಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಮುದ್ರೆ ಪಡೆದವರು. ಆಯುಧಪೂಜೆಯ ಬೆಳಿಗ್ಗೆ ಪೂಜೆಗೆ ಮಣೆ ಹಾಕಲೆಂದು ಬಾಡಿಗೆ ಮನೆಯ ಕೆಲ್ಲರಿಗೆ, ಅಂದರೆ ನೆಲಮಾಳಿಗೆಗೆ, ಇಳಿದು, ಮೂಲೆಯಲ್ಲಿದ್ದ ಹಳೆಯ ಕಂಬಳಿಯನ್ನು ಎಳೆದರೆ, ಜೋಡುನಳಿಗೆಯ ಬಂದೂಕೊಂದು ಜಾರಿಬಿತ್ತು. ಬರುವ ಸೋಮವಾರವೇ ಅವರ ಪೌರತ್ವದ ಸಂದರ್ಶನ. ಮನೆಯಲ್ಲಿ ಬಂದೂಕಿದೆಯೆಂದಾದರೆ ಹನ್ನೊಂದು ವರ್ಷದ ಆ ಕಡತಕ್ಕೆ ಸಾರಿನಲ್ಲಿ ಬಿದ್ದ ಹಪ್ಪಳದ ಗತಿಯೇ.

ಕೂಡಲೇ ಆಯುಧ ಪರವಾನಗಿಯ ಕಚೇರಿಗೆ ಫೋನ್ ಮಾಡಿದರು. "ಮುಟ್ಟಬೇಡಿ, ಮೂರು ಗಂಟೆಗೆ ಬರುತ್ತೇವೆ. ಮಾಡಿದವರು ಯಾರು, ಎಷ್ಟು ಹಳೆಯದು ಎಂದು ತಿಳಿದರೆ ಸಾಕು, ನಿಮ್ಮದಲ್ಲವೆಂದು ಬರೆದುಕೊಂಡು ಒಯ್ಯುತ್ತೇವೆ" ಎಂಬ ಉತ್ತರ ಬಂತು.

ಅಷ್ಟರಲ್ಲಿ ಮಹಡಿಯ ಯಶವಂತನೂ ಅವನ ತಾಯಿ ಜಲಜಮ್ಮನವರೂ ಡ್ರಿಲ್ಲು, ಮಿಕ್ಸಿ, ಲ್ಯಾಪ್‌ಟಾಪುಗಳನ್ನು ಹೊತ್ತು ಬಂದರು. ಬೀದಿಯ ಕನ್ನಡಿಗರೆಲ್ಲರ ಪೂಜೆ ಪ್ರತಿವರ್ಷ ಈ ಕೆಲ್ಲರಿನಲ್ಲಿಯೇ.

ಯಶವಂತ ಮೊಬೈಲ್ ಬೆಳಕು ಹಿಡಿದು ಬಗ್ಗಿದ. "ಸರ್, ನಳಿಗೆ ಮೇಲೆ ಡ್ರೆಸ್ಡೆನ್ ಅಂಗಡಿ ಹೆಸರಿದೆ. ಮೇಕರ್ ಸಿಕ್ಕಿಬಿಟ್ಟ."

"ಅದು ಮಾರಿದವನ ಹೆಸರಪ್ಪ. ನಿಮ್ಮನೆ ಸ್ಟೀಲ್ ಡಬರಿ ಮೇಲೆ ಸೋದರಮಾವನ ಹೆಸರಿರತ್ತಲ್ಲ, ಅವರೇನು ಡಬರಿ ಮಾಡಿದ್ರಾ?" ಎಂದರು ಬಸವಪ್ರಸಾದರು.

"ಅವನು ಡಬರಿ ಕೊಟ್ಟಿದ್ದೂ ಇಲ್ಲ, ಹೆಸರು ಮಾತ್ರ ಹಾಕ್ಸಿದ್ದು" ಎಂದರು ಜಲಜಮ್ಮ. "ಈವತ್ತು ನಿಜವಾದ ಆಯುಧ ತಾನಾಗೇ ಎದ್ದು ಬಂದಿದೆ. ಕುಂಕುಮ ಇಡದೆ ಬಿಡೋದಾ?"

"ಮುಟ್ಟಬೇಡಿ ಅಂದಿದ್ದಾರಮ್ಮ."

"ನಾನೆಲ್ಲಿ ಮುಟ್ತೀನಿ. ಒಂದೇ ಬೆರಳು."

ತಾವು ಈ ಮನೆಗೆ ಬಂದದ್ದು ಯಾವಾಗ ಎಂದು ತೋರಿಸಲು ಬಸವಪ್ರಸಾದರು ಬಾಡಿಗೆ ಕರಾರು ಹುಡುಕುತ್ತ ಮೇಲೆ ಹೋದರು. ಮರಳಿ ಬರುವಷ್ಟರಲ್ಲಿ ಬಂದೂಕಿಗೆ ವಿಭೂತಿ, ಕುಂಕುಮ. ಎರಡು ನಳಿಗೆಗಳಲ್ಲಿ ಎರಡು ಸೇವಂತಿಗೆ. ಮುಟ್ಟಬಾರದೆಂಬ ಮಾತನ್ನು ನೆನೆದು ಅವರು ಹೂವನ್ನೂ ತೆಗೆಯಲಿಲ್ಲ.

ಮೂರು ಗಂಟೆಗೆ ಬಂದ ಅಧಿಕಾರಿ ಸೇವಂತಿಗೆಗಳನ್ನು ವಿನಯದಿಂದ ತೆಗೆದಿಟ್ಟು, ನಳಿಗೆಯ ಕೆಳಗಿನ ಮರದ ತುಂಡನ್ನು ಬಿಚ್ಚಿ ಒರೆಸಿದರು. "ಅಂಗಡಿಯ ಹೆಸರು ಮೇಲೆ, ಮಾಡಿದವನ ಗುರುತು ಕೆಳಗೆ. ಇದು ಬಂದೂಕಿಗೇ ಹೆಸರಾದ ಜೂಲ್ ಊರಿನ ಕೆಲಸ. ನಳಿಗೆಯನ್ನು ಸಿಡಿಸಿ ನೋಡಿದ ಪರೀಕ್ಷೆಯ ಮುದ್ರೆ 1926ರ ಏಪ್ರಿಲ್‌ನದು."

"ಆಗ ನಮ್ಮ ತಂದೆಯೇ ಹುಟ್ಟಿರಲಿಲ್ಲ" ಎಂದರು ಬಸವಪ್ರಸಾದರು. ಅಧಿಕಾರಿ ನಕ್ಕು, 'ಮಾಲೀಕರು ತಿಳಿದಿಲ್ಲ' ಎಂದು ಬರೆಯಹೊರಟವರು, ಬಂದೂಕಿನ ಕುದುರೆಯ ಬಳಿಯ ಕಬ್ಬಿಣದ ಮೇಲೆ ಬೆರಳಿಟ್ಟು ನಿಂತರು. ಅಲ್ಲಿ ಹೊಸ ಅಕ್ಷರಗಳು ಫಳಫಳ ಹೊಳೆಯುತ್ತಿದ್ದವು.

"ಇದು ಯಾವ ಲಿಪಿ?"

ಎಲ್ಲರೂ ಜಲಜಮ್ಮನವರತ್ತ ತಿರುಗಿದರು. ಅವರ ಕೈಯಲ್ಲಿ ಪಾತ್ರೆಗೆ ಹೆಸರು ಕೊರೆಯುವ ಪುಟ್ಟ ಯಂತ್ರವಿತ್ತು. "ಹೋದ್ವರ್ಷ ಪೂಜೆಗಿಟ್ಟ ನಮ್ಮ ಡ್ರಿಲ್ಲು ಅದಲುಬದಲಾಯ್ತಲ್ಲ. ಅದಕ್ಕೇ ಈ ಸಲ ಎಲ್ಲದರ ಮೇಲೂ 'ಇದು ಇಂಥವರದು' ಅಂತ ಯಜಮಾನ್ರ ಹೆಸರು ಕೊರೆದೆ. ಕೆಲ್ಲರ್ ನಿಮ್ದಲ್ವೇನಪ್ಪಾ?"

ಅಧಿಕಾರಿಗೆ ಕಡತವೇ ಶಾಸ್ತ್ರ. "ಕಂಡ ಅಕ್ಷರಕ್ಕೆ ಪ್ರಮಾಣಿತ ಅನುವಾದ ಬೇಕು" ಎಂದು ಮೊಬೈಲಿನಲ್ಲಿ ಹುಡುಕಿದರು. "ಚಿಂತೆಯಿಲ್ಲ, ಈ ಭಾಷೆಗೆ ನಮ್ಮ ಪಟ್ಟಿಯಲ್ಲಿ ಒಬ್ಬರಿದ್ದಾರೆ." ಹೆಸರನ್ನು ಓದಿ, ಕೆಲ್ಲರ್ ಬಾಗಿಲ ಮೇಲಿನ ಹೆಸರಿನ ಫಲಕವನ್ನು ನೋಡಿ, ಬಸವಪ್ರಸಾದರ ಮುಖವನ್ನು ನೋಡಿದರು.

ಬಸವಪ್ರಸಾದರು ಪೂಜೆಗೆಂದು ಮಣೆಯ ಮೇಲಿಟ್ಟಿದ್ದ ತಮ್ಮ ಅನುವಾದಕರ ಮುದ್ರೆಯನ್ನೆತ್ತಿ, ಅದಕ್ಕೆ ಮೆತ್ತಿದ್ದ ಕುಂಕುಮವನ್ನು ಒರೆಸಿಕೊಂಡರು. ಸುಳ್ಳು ಬರೆಯುವಂತಿರಲಿಲ್ಲ. 'ಇದು ಬಸವಪ್ರಸಾದರದು' ಎಂದು ಸ್ವಚ್ಛ ಜರ್ಮನ್‌ನಲ್ಲಿ ಬರೆದು, ಕೆಳಗೆ ರುಜು ಹಾಕಿ ಮುದ್ರೆಯೊತ್ತಿದರು.

ಈ ಕತೆಯನ್ನು ಕೇಳಿದವರ ಮನೆಯ ಪಾತ್ರೆಗಳ ಮೇಲೆ ಅವರವರ ಹೆಸರೇ ಇರಲಿ, ಪರರ ವಸ್ತುವಿನ ಮೇಲೆ ಎಂದೂ ಬಾರದಿರಲಿ. ತಾಯಿ ಎಲ್ಲರನ್ನೂ ತಣ್ಣಗೆ ಕಾಯಲಿ.