ಹೋಲಿಸಿ ನೋಡಿದ ಭುಜ

ನೋವನ್ನು ಗುಟ್ಟಾಗಿ ಇಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ನನಗೆ ನೆಗಡಿಯಾದರೆ ಗುಂಡ್ಲುಪೇಟೆಯ ನಮ್ಮ ಬೀದಿಗೆಲ್ಲ ಗೊತ್ತಾಗಲೇಬೇಕು. ಹೀಗಿರುವಾಗ, ಕಚೇರಿಯ ಬೀರುವಿನ ಮೇಲಿಂದ ಹಳೇ ಕಡತಗಳ ಗಂಟು ಇಳಿಸಲು ಹೋಗಿ ಬಲಭುಜದಲ್ಲಿ ಚಳುಕು ಕಚ್ಚಿಕೊಂಡಾಗ ಸುಮ್ಮನಿರುತ್ತೇನೆಯೇ? ಅಂಗಿ ತೊಡಿಸುವುದು, ತಲೆ ಬಾಚುವುದು, ಬೆನ್ನುಜ್ಜುವುದು ಎಲ್ಲ ಹೆಂಡತಿ ಮಾದೇವಮ್ಮನ ಪಾಲಿಗೆ ಬಂತು. ಅವಳೂ ವರ್ಷಗಳಿಂದ ಆಗಾಗ, "ರಟ್ಟೆ ಎತ್ತಕ್ಕಾಯ್ತಿಲ್ಲ ಕಣಿ" ಎನ್ನುತ್ತಿದ್ದಳು. "ವಯಸ್ಸಾಯ್ತಲ್ಲ, ಇನ್ನೇನಾಯ್ತದೆ ಬುಡು" ಎಂದು ನಾನು ಪೇಪರಿನ ಪುಟ ತಿರುಗಿಸುತ್ತಿದ್ದೆ. ನನ್ನ ಭುಜಕ್ಕೆ ಮಾತ್ರ ವಯಸ್ಸಾಗಿರಲಿಲ್ಲ, ಕಾಯಿಲೆಯಾಗಿತ್ತು.

ನಮ್ಮೂರಿನ ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಸರಿಯಾಗಿದೆ ಎಂದಾಗ ನನಗೆ ಅವಮಾನವೇ ಆಯಿತು. ಮೂಳೆಗೆ ಅಂಟಿದ ನಾರು ಹರಿದಿರಬಹುದು, ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ ಎಂದು ಚಾಮರಾಜನಗರಕ್ಕೆ ಬರೆದುಕೊಟ್ಟರು. ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆ ಸ್ಕ್ಯಾನಿಂಗ್ ಎಂದರೆ ಬಸುರಿಯರದ್ದು. ಬೆಂಚಿನ ತುಂಬ ಅವರೇ. ಮಗಳನ್ನು ಕರೆತಂದಿದ್ದ ಚಂದಕವಾಡಿಯ ಅಜ್ಜಿಯೊಬ್ಬರು ಮಾದೇವಮ್ಮನ ನರೆಗೂದಲನ್ನೂ ಹೊಟ್ಟೆಯನ್ನೂ ನೋಡಿ, "ಎಷ್ಟು ತಿಂಗ್ಳವ್ವ?" ಅಂದರು. "ನಂಗಲ್ಲ ಕಣವ್ವ, ಇವರ್ಗೆ" ಅಂದಳು ಇವಳು. ಬೆಂಚಿಗೆ ಬೆಂಚೇ ನಕ್ಕಿತು.

ಒಳಗೆ ಸ್ಕ್ಯಾನಿಂಗ್ ಡಾಕ್ಟರು ಭುಜಕ್ಕೆ ತಣ್ಣನೆಯ ಜೆಲ್ಲಿ ಬಳಿದು, ಕೈಯನ್ನು ಅತ್ತ ಇತ್ತ ತಿರುಗಿಸಿ, ಟಿ.ವಿ.ಯಂಥ ಪರದೆ ನೋಡಿದರು. ಹರಿದಂತಿಲ್ಲ, ಊತ ಮಾತ್ರ. ಆದರೂ ಸರಿಯಿರುವ ಭುಜವೊಂದರ ಜೊತೆ ಹೋಲಿಸಿ ನೋಡಬೇಕು ಎಂದರು. ನನ್ನ ಎಡಭುಜ ಹಿಂದೊಮ್ಮೆ ಸೈಕಲ್ಲಿನಿಂದ ಬಿದ್ದು ಮುರಿದದ್ದು. "ಹಾಗಾದ್ರೆ ಅಮ್ಮಾವ್ರೇ, ನೀವೇ ಕೂತ್ಕೊಳ್ಳಿ" ಎಂದರು. "ಬ್ಯಾಡ ಬುಡಿ ಸಾರ್" ಎನ್ನುತ್ತಲೇ ಕೂತಳು. ಮೇಲೆತ್ತಿ ಎಂದಾಗ ಅವಳ ಬಲತೋಳು ಎದೆಮಟ್ಟಕ್ಕೆ ಬಂದು ನಿಂತಿತು. ಇಷ್ಟು ದಿನ ಅವಳು ನನ್ನ ತಲೆ ಬಾಚಿದ್ದು ಎಡಗೈಯಲ್ಲಿ ಎಂಬುದು ನನಗೆ ಆಗ ಹೊಳೆಯಿತು. ಡಾಕ್ಟರು ಬಹಳ ಹೊತ್ತು ಪರದೆಯನ್ನೇ ನೋಡಿದರು.

"ನಾರು ಪೂರ್ತಿ ಹರಿದು ಒಳಕ್ಕೆ ಸರಿದುಹೋಗಿದೆ. ಹಳೇದು. ಈಗ ಹೊಲಿದ್ರೂ ನಿಲ್ಲೋದು ಕಷ್ಟ. ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?"

ಮಾದೇವಮ್ಮ ನನ್ನತ್ತ ನೋಡಲಿಲ್ಲ. "ಏಳ್ಕೊಳ್ಳೋ ಅಂತದ್ದೇನಲ್ಲ ಅಂತ ಸುಮ್ಕಾದೆ ಸಾರ್" ಅಂದಳು. ಅವಳು ನನ್ನನ್ನು ದೂರಿದ್ದರೆ ಎಷ್ಟೋ ವಾಸಿಯಿತ್ತು.

ನನಗೆ ಕೆಲವು ದಿನದ ವಿಶ್ರಾಂತಿ ಸಾಕೆಂದರು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಅವಳಿಗೆಂದು ಹಣ್ಣು ಕೊಂಡು, ಚೀಲವನ್ನು ಪ್ರಾಯಶ್ಚಿತ್ತವೆಂಬಂತೆ ನಾನೇ ಹಿಡಿದಿದ್ದೆ. ಗುಂಡ್ಲುಪೇಟೆ ಬಸ್ಸು ಬಂದಾಗ ಅವಳು ಎಡಗೈ ಚಾಚಿದಳು.

"ಕೊಡಿ ಇತ್ತಗೆ, ರಟ್ಟೆ ನೋಯ್ತದೆ ನಿಮ್ಗೆ."

ನೋಯುತ್ತಿದ್ದದ್ದು ನಿಜ. ಕೊಟ್ಟುಬಿಟ್ಟೆ.